ಮ್ಯಾಕ್ ಅಡ್ರೆಸ್ ಬಿಡ್ರಿ, ಲಾಗ್ ಕೊಡ್ರಿ

‘ಅದ್ರಾಗೇನದಲೇ, ಮ್ಯಾಕ್ ಅಡ್ರೆಸ್ ಹಿಡದ್ರ ಕಳ್ಳ ಸಿಕ್ಕಂಗ ಅಲ್ಲೇನು?’

2025ರ ಸೆಪ್ಟೆಂಬರ್ 18ರಿಂದ ಈಚೆಗೆ ಈ ಮಾತನ್ನು ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದೆ, ಕಲಬುರಗಿ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಓದಿದೆ, ಊರಿಗೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಪಕ್ಕದ ಬರ್ತಿನವನ ಬಾಯಲ್ಲೂ ಕೇಳಿದೆ. ಅವತ್ತು ದಿಲ್ಲಿಯಲ್ಲಿ ರಾಹುಲ್ ಗಾಂಧಿ ಪತ್ರಿಕಾಗೋಷ್ಠಿ ಮಾಡಿ ಆಳಂದದ ಹೆಸರು ಹೇಳಿದರು. ನನ್ನ ಟೀಮಿನಲ್ಲಿ ಅಲ್ಲಿಯವರೆಗೆ ಆಳಂದ ಎಲ್ಲಿದೆ ಅಂತ ಗೊತ್ತಿದ್ದವನು ನಾನೊಬ್ಬನೇ. ನಮ್ಮ ಮನೆ ಜೇವರ್ಗಿ ತಾಲೂಕು, ಸೋದರಮಾವನ ಮನೆ ಅಫಜಲಪುರ, ಅಕ್ಕನ್ನ ಕೊಟ್ಟ ಊರು ಆಳಂದ. ಹಂಗಾಗಿ ನಮಗೆ ಈ ಮೂರೂ ಬೇರೆ ಬೇರೆ ಊರು ಅಂತ ಅನ್ನಿಸೋದೇ ಇಲ್ಲ. ಮೂರು ದಿನ ಎಲ್ಲರೂ ನನ್ನನ್ನೇ ಕೇಳಿದರು, ನಾನೇ ಏನೋ ಸಾಕ್ಷಿ ಅನ್ನೋ ಹಾಗೆ. ಆಮೇಲೆ ಚರ್ಚೆ ಎಲ್ಲಿಗೆ ಬಂದು ನಿಂತಿತು ಅಂದ್ರೆ, ‘ಪೊಲೀಸರಿಗೆ ಟೆಕ್ನಾಲಜಿ ಗೊತ್ತಿಲ್ಲ. ಯಾವ ಕಂಪ್ಯೂಟರ್ ಅಂತ ಮ್ಯಾಕ್ ಅಡ್ರೆಸ್ ನೋಡಿದ್ರೆ ಮುಗೀತಿತ್ತು.’

ಹೇಳಿದವರು ಪಾನ್ ಅಂಗಡಿ ಕಟ್ಟೆಯ ಮೇಲೆ ಕೂತವರಾಗಿದ್ರೆ ಸುಮ್ಮನಿರುತ್ತಿದ್ದೆ. ಇವರು ವರ್ಷಕ್ಕೆ ಇಪ್ಪತ್ತು ಮೂವತ್ತು ಲಕ್ಷ ಸಂಬಳ ಎಣಿಸುವ ಇಂಜಿನಿಯರ್‌ಗಳು. ನೆಟ್‌ವರ್ಕ್ ಪೇಪರಿನಲ್ಲಿ ಪಾಸಾದವರು. ಅದಕ್ಕೇ ಈ ಬರಹ. ಆಳಂದದ ಕಥೆಯಲ್ಲಿ ಮ್ಯಾಕ್ ಅಡ್ರೆಸ್‌ಗೆ ಯಾವ ಪಾತ್ರವೂ ಇಲ್ಲ. ಪಾತ್ರ ಇರೋದು ಸರ್ವರ್ ಇಟ್ಟವರ ಲಾಗ್‌ಗೆ. ‘ಮ್ಯಾಕ್ ಹಿಡೀರಿ’ ಅಂತ ನಾವು ಕೂಗಿದಷ್ಟೂ, ಲಾಗ್ ಹಿಡಿದುಕೊಂಡು ಕೂತವರು ಆರಾಮಾಗಿ ಕೂತಿರುತ್ತಾರೆ.

ಮೊದಲು ನಡೆದದ್ದೇನು ಅಂತ ಸ್ವಲ್ಪ ಹೇಳಿಬಿಡ್ತೀನಿ, ಯಾಕೆಂದರೆ ಅರ್ಧ ಜನ ರೀಲ್ಸ್ ನೋಡಿ ಮಾತಾಡ್ತಿದ್ದಾರೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಿ ಅಂತ ಫಾರ್ಮ್ 7 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಒಟ್ಟು 6,018. ಒಬ್ಬ ಬೂತ್ ಮಟ್ಟದ ಅಧಿಕಾರಿಯ ಕೈಗೆ ಬಂದ ಅರ್ಜಿಯಲ್ಲಿ ಆಕೆಯ ಬಂಧುವಿನದೇ ಹೆಸರಿತ್ತು. ಅರ್ಜಿ ಹಾಕಿದವರು ಅಂತ ಬರೆದಿದ್ದ ಹೆಸರು ಅದೇ ಊರಿನವರದು. ಹೋಗಿ ಕೇಳಿದರೆ, ಅವರಿಗೆ ಸುದ್ದಿಯೇ ಇಲ್ಲ. ಅಲ್ಲಿಂದ ಎಳೆ ಬಿಚ್ಚಿತು. ಕಾಂಗ್ರೆಸ್ಸಿನ ಬಿ.ಆರ್. ಪಾಟೀಲರು ದೂರು ಎತ್ತಿದರು, ಮನೆಮನೆಗೆ ಹೋಗಿ ಪರಿಶೀಲನೆ ಆಯಿತು. ಆರು ಸಾವಿರದ ಹದಿನೆಂಟರಲ್ಲಿ ಸರಿ ಅಂತ ಕಂಡದ್ದು 24. ಉಳಿದ 5,994 ತಪ್ಪು. ಇದು ಯಾವುದೇ ಪಕ್ಷದ ಲೆಕ್ಕ ಅಲ್ಲ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯೇ ಕೊಟ್ಟ ಲೆಕ್ಕ. 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಚುನಾವಣಾ ಅಧಿಕಾರಿಯ ದೂರಿನ ಮೇಲೆ ಎಫ್‌ಐಆರ್ ಆಯಿತು. ಮುಂದೆ ಸಿಐಡಿಗೆ ಹೋಯಿತು.

ಆರು ಸಾವಿರ ಅಂದ್ರೆ ಎಷ್ಟು ಅಂತ ಬೆಂಗಳೂರಿನವರಿಗೆ ಅಂದಾಜಾಗಲಿಕ್ಕಿಲ್ಲ. ಇಲ್ಲಿ ಎರಡು ಅಪಾರ್ಟ್‌ಮೆಂಟಿನಲ್ಲಿ ಅಷ್ಟು ಜನ ಇರ್ತಾರೆ. 2018ರಲ್ಲಿ ಇದೇ ಆಳಂದದ ಫಲಿತಾಂಶ ತೀರ್ಮಾನವಾದದ್ದು 697 ಮತಗಳ ಅಂತರದಲ್ಲಿ.

ಆ ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಇನ್ನೆರಡು ಸಂಗತಿ ನೆನಪಿಡಿ. ಒಬ್ಬರ ಹೆಸರಿನಲ್ಲಿ 14 ನಿಮಿಷಕ್ಕೆ 12 ಅರ್ಜಿ. ಇನ್ನೊಬ್ಬರ ಹೆಸರಿನಲ್ಲಿ ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 36 ಸೆಕೆಂಡಿನಲ್ಲಿ ಎರಡು ಅರ್ಜಿ. ನಮ್ಮ ಕಡೆ ಆ ಹೊತ್ತಿಗೆ ಎದ್ದಿರುವವರು ಹೊಲಕ್ಕೆ ಹೋಗೋರು, ಹಾಲು ಕರೆಯೋರು. ಫಾರ್ಮ್ ತುಂಬೋರಲ್ಲ.

ಈಗ ಮ್ಯಾಕ್ ಅಡ್ರೆಸ್ಸಿಗೆ ಬರೋಣ. ಹುಡುಕೋದು ಕಷ್ಟವೇನಲ್ಲ, ಎರಡು ನಿಮಿಷದ ಕೆಲಸ. ವಿಂಡೋಸ್ ಇದ್ರೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಗೆಟ್‌ಮ್ಯಾಕ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಅಥವಾ ‘ಐಪಿಕಾನ್ಫಿಗ್’ ಮುಂದೆ ಒಂದು ಓರೆಗೆರೆ ಹಾಕಿ ‘ಆಲ್’ ಅಂತ ಹೊಡೆದು ‘ಫಿಸಿಕಲ್ ಅಡ್ರೆಸ್’ ಅನ್ನೋ ಸಾಲು ನೋಡಿ. ಆಂಡ್ರಾಯ್ಡ್ ಫೋನಾದ್ರೆ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ, ಐಫೋನಾದ್ರೆ ‘ಜನರಲ್’ ಒಳಗಿನ ‘ಅಬೌಟ್’ನಲ್ಲಿ ‘ವೈಫೈ ಅಡ್ರೆಸ್’ ಅಂತ ಸಿಗುತ್ತದೆ. ಹನ್ನೆರಡು ಅಕ್ಷರ, ಎರಡೆರಡರ ಆರು ಜೋಡಿ, ಸೊನ್ನೆಯಿಂದ ಒಂಬತ್ತು ಮತ್ತು ಎಯಿಂದ ಎಫ್‌ವರೆಗೆ. ಮೊದಲ ಮೂರು ಜೋಡಿ ತಯಾರಕರದು, ಅದನ್ನು ಹಂಚುವುದು ಐಇಇಇ ಸಂಸ್ಥೆ. ಉಳಿದ ಮೂರು ಜೋಡಿ ಆ ತಯಾರಕರು ಆ ನೆಟ್‌ವರ್ಕ್ ಕಾರ್ಡಿಗೆ ಕೊಟ್ಟ ಸಂಖ್ಯೆ.

‘ಜಗತ್ತಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದೇ ವಿಳಾಸ’ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟರಲ್ಲ, ಆ ವಾಕ್ಯವೇ ಎಲ್ಲರ ತಲೆಯಲ್ಲಿ ಕೂತಿರೋದು. ಅದರ ಮುಂದಿನ ವಾಕ್ಯ ಯಾರಿಗೂ ನೆನಪಿಲ್ಲ. ಆ ವಿಳಾಸ ನಿಮ್ಮ ಮನೆಯ ರೂಟರ್ ದಾಟಿ ಹೊರಗೆ ಹೋಗೋದಿಲ್ಲ.

ಜೇವರ್ಗಿಯಿಂದ ಬೆಂಗಳೂರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಜೇವರ್ಗಿಯಲ್ಲಿ ಕಲಬುರಗಿ ಬಸ್ ಹತ್ತಿ ಹದಿನಾಲ್ಕನೇ ಸೀಟಿನಲ್ಲಿ ಕೂತಿರಿ. ಕಲಬುರಗಿಯಲ್ಲಿ ಇಳಿದು ಬೇರೆ ಬಸ್ ಹತ್ತಿದಿರಿ, ಅಲ್ಲಿ ಬೇರೆ ಸೀಟು. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಅಲ್ಲಿಯವರನ್ನು ‘ಈ ಮನುಷ್ಯ ಜೇವರ್ಗಿ ಬಸ್ಸಿನಲ್ಲಿ ಯಾವ ಸೀಟಿನಲ್ಲಿ ಕೂತಿದ್ದ’ ಅಂತ ಕೇಳಿದರೆ ಏನು ಹೇಳಿಯಾರು? ಮ್ಯಾಕ್ ಅಡ್ರೆಸ್ ಅಂದ್ರೆ ಆ ಮೊದಲ ಬಸ್ಸಿನ ಸೀಟ್ ನಂಬರು. ನಿಮ್ಮ ಲ್ಯಾಪ್‌ಟಾಪಿನಿಂದ ರೂಟರ್‌ವರೆಗೆ ಒಂದು ಜೋಡಿ ಮ್ಯಾಕ್, ರೂಟರ್‌ನಿಂದ ಮುಂದಿನ ಹೆಜ್ಜೆಗೆ ಇನ್ನೊಂದು ಜೋಡಿ. ಹೆಜ್ಜೆಹೆಜ್ಜೆಗೂ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುತ್ತಾರೆ. ದೂರದ ಸರ್ವರ್‌ಗೆ ಬಂದು ಮುಟ್ಟೋದು ಐಪಿ ವಿಳಾಸ ಮಾತ್ರ. ಮೊಬೈಲ್ ಡೇಟಾದಲ್ಲಿ ಫಾರ್ಮ್ ತುಂಬಿದ್ದರಂತೂ ಮೊದಲ ಬಸ್ಸೂ ಇಲ್ಲ, ಸೀಟೂ ಇಲ್ಲ. ಫೋನು ಟವರಿನ ಜೊತೆ ಮಾತಾಡುವಾಗ ವೈಫೈ ಮ್ಯಾಕ್ ಬಳಕೆಗೇ ಬರುವುದಿಲ್ಲ. ಐಪಿ ಆರನೇ ಆವೃತ್ತಿಯ ಮೊದಮೊದಲ ದಿನಗಳಲ್ಲಿ ಮ್ಯಾಕ್ ಅನ್ನೇ ಐಪಿ ವಿಳಾಸದ ಬಾಲಕ್ಕೆ ಸೇರಿಸುವ ಪದ್ಧತಿ ಇತ್ತು, ನಿಜ. ಹಾಗೆ ಮಾಡಿದರೆ ಜನರನ್ನು ಹಿಂಬಾಲಿಸೋದು ಸುಲಭವಾಗುತ್ತೆ ಅಂತ ಗೊತ್ತಾಗಿ, ಆ ಬಾಲವನ್ನು ಆಗಾಗ ಬದಲಿಸುವ ವ್ಯವಸ್ಥೆ ಬಂತು.

ಅಲ್ಲದೆ ಈಗ ಆ ಸಂಖ್ಯೆಯೂ ನಿಜದ್ದಲ್ಲ. 2019ರ ಆಂಡ್ರಾಯ್ಡ್ 10ರಿಂದ, 2020ರ ಐಓಎಸ್ 14ರಿಂದ, ಫೋನು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ಕೊಡುತ್ತದೆ. ನಿಮ್ಮದನ್ನೇ ನೋಡಿ. ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯದಲ್ಲ, ಫೋನೇ ಹುಟ್ಟಿಸಿಕೊಂಡದ್ದು. ಕಂಪ್ಯೂಟರಿನಲ್ಲಿ ಬದಲಿಸೋದಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಬೆಂಗಳೂರಿನಲ್ಲಿ ನಾನಿದ್ದ ಒಂದು ಪಿಜಿಯಲ್ಲಿ ಇದೇ ಮ್ಯಾಕ್ ಭಕ್ತಿ ಇತ್ತು. ಓನರ್ ಎಲ್ಲ ಹುಡುಗರ ಫೋನಿನ ಮ್ಯಾಕ್ ಬರೆಸಿಕೊಂಡು, ಪಟ್ಟಿಯಲ್ಲಿದ್ದವರಿಗೆ ಮಾತ್ರ ವೈಫೈ ಬಿಡುತ್ತಿದ್ದರು. ಒಂದು ರಾತ್ರಿ ಯಾರೋ ತಿಂಗಳ ಡೇಟಾ ಎಲ್ಲ ಖಾಲಿ ಮಾಡಿದರು. ರೂಟರ್‌ನಲ್ಲಿ ನೋಡಿದರೆ ಅಫಜಲಪುರದ ಹುಡುಗನೊಬ್ಬನ ಮ್ಯಾಕ್. ಆ ಹುಡುಗ ಅವತ್ತು ಗಾಣಗಾಪುರದಲ್ಲಿದ್ದ, ದತ್ತಾತ್ರೇಯ ದೇವರ ದರ್ಶನಕ್ಕೆ ಮನೆಯವರ ಜೊತೆ ಹೋಗಿದ್ದ. ಬಸ್ ಟಿಕೆಟ್ ತೋರಿಸಿದ. ‘ಟಿಕೆಟ್ ಸುಳ್ಳು ಹೇಳಬಹುದು, ಮಿಷನ್ ಹೇಳಲ್ಲ’ ಅಂದರು ಓನರ್. ಯಾರೋ ಆ ಹುಡುಗನ ವಿಳಾಸವನ್ನು ತಮ್ಮ ಲ್ಯಾಪ್‌ಟಾಪಿಗೆ ಅಂಟಿಸಿಕೊಂಡಿದ್ದಾರೆ ಅಂತ ನಾವು ನಾಲ್ಕು ಜನ ಕೂತು ವಿವರಿಸಿದೆವು. ಐನೂರು ರೂಪಾಯಿ ದಂಡ ಮಾತ್ರ ತಪ್ಪಲಿಲ್ಲ. ‘ಇರ್ಲಿ ಬಿಡಣ್ಣ, ನಮ್ ಮಂದಿ ಮಾತ್ ಯಾರ್ ನಂಬ್ತಾರ’ ಅಂತ ಕೊಟ್ಟುಬಿಟ್ಟ. ಐನೂರು ರೂಪಾಯಿಗಿಂತ ನನಗೆ ಆ ಮಾತು ಕೆರೆಯಿತು.

ಆಳಂದದಲ್ಲೂ ಇದೇ ಆಗಬಹುದಿತ್ತು ಅಂತ ಯೋಚಿಸಿ. ಅರ್ಜಿಯಲ್ಲಿ ಹೆಸರಿದ್ದ ಆ ಊರಿನ ಮನುಷ್ಯನನ್ನೇ ಕಳ್ಳ ಅಂತ ಹಿಡಿದು ಕೂರಿಸಿದ್ದರೆ? ಕಂಪ್ಯೂಟರ್ ಅವರ ಹೆಸರನ್ನೇ ಹೇಳ್ತಿತ್ತಲ್ಲ.

ಹಾಗಾದರೆ ಕಳ್ಳನನ್ನು ಹುಡುಕೋದು ಹೇಗೆ? ಇಲ್ಲಿ ಸಿಐಡಿಯವರನ್ನು ‘ಟೆಕ್ನಾಲಜಿ ಗೊತ್ತಿಲ್ಲದವರು’ ಅಂದವರು ಸ್ವಲ್ಪ ಗಮನಿಸಬೇಕು. ಅವರು ಚುನಾವಣಾ ಆಯೋಗದಿಂದ ಕೇಳಿದ್ದು ಮ್ಯಾಕ್ ಅಡ್ರೆಸ್ ಅಲ್ಲ. ಡೆಸ್ಟಿನೇಶನ್ ಐಪಿ, ಡೆಸ್ಟಿನೇಶನ್ ಪೋರ್ಟ್, ಓಟಿಪಿಯ ಜಾಡು. ಅಂದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ, ನಮ್ಮ ಕ್ಯಾಂಟೀನಿನವರು ಕೇಳಿದ್ದು ತಪ್ಪು ಪ್ರಶ್ನೆ.

ಯಾಕೆ ಬೇಕು ಅದು? ಹಳೇ ಎಸ್‌ಟಿಡಿ ಬೂತ್ ನೆನಪಿಸಿಕೊಳ್ಳಿ. ನಮ್ಮ ವಯಸ್ಸಿನವರಿಗೆ ನೆನಪಿರಬೇಕು, ಅಫಜಲಪುರದ ಬಸ್‌ಸ್ಟ್ಯಾಂಡಿನ ಬಗಲಿಗೆ ಹಳದಿ ಬೋರ್ಡು, ಒಳಗೆ ಗಾಜಿನ ಗೂಡು. ಮಾವನ ಊರಿಗೆ ಹೋದಾಗ ಅಪ್ಪನಿಗೆ ಫೋನ್ ಮಾಡಲು ಅಲ್ಲೇ ನಿಲ್ಲುತ್ತಿದ್ದೆವು. ಬೂತಿನ ಒಂದೇ ನಂಬರಿನಿಂದ ದಿನಕ್ಕೆ ನೂರಾರು ಜನ ಮಾತಾಡ್ತಿದ್ದರು. ಯಾರಿಗೋ ಆ ಬೂತಿನಿಂದ ಬೆದರಿಕೆ ಕರೆ ಹೋಯಿತು ಅಂದುಕೊಳ್ಳಿ. ಬೂತಿನ ನಂಬರ್ ಗೊತ್ತಾದರೆ ಆಯ್ತಾ? ಇಲ್ಲ. ಬೂತಿನವನ ಹತ್ತಿರ ಚೀಟಿ ಇರುತ್ತಿತ್ತು: ಎಷ್ಟು ಹೊತ್ತಿಗೆ, ಯಾವ ನಂಬರಿಗೆ, ಎಷ್ಟು ನಿಮಿಷ. ‘ಇಂಥ ನಂಬರಿಗೆ ಕರೆ ಬಂತು’ ಅಂತ ಹೇಳಿದರೆ ತಾನೇ ಅವನು ಚೀಟಿ ಹುಡುಕಿ, ಆ ಹೊತ್ತಿಗೆ ಯಾರಿದ್ದರು ಅಂತ ನೆನಪು ಮಾಡಿಕೊಳ್ಳೋದು?

ಇವತ್ತಿನ ಮೊಬೈಲ್ ಕಂಪನಿ ಅಂಥದ್ದೇ ಒಂದು ದೊಡ್ಡ ಬೂತು. ನಾಲ್ಕನೇ ಆವೃತ್ತಿಯ ಐಪಿ ವಿಳಾಸ ಇಡೀ ಜಗತ್ತಿಗೆ ಇರೋದು ಸುಮಾರು 430 ಕೋಟಿ. ಫೋನುಗಳೇ ಅದಕ್ಕಿಂತ ಜಾಸ್ತಿ. ಹಾಗಾಗಿ ಕಂಪನಿಗಳು ಒಂದೇ ಹೊರ ವಿಳಾಸವನ್ನು ಒಂದೇ ಕ್ಷಣದಲ್ಲಿ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸೋದು ಪೋರ್ಟ್ ಸಂಖ್ಯೆ. ಒಂದು ವಿಳಾಸಕ್ಕೆ 65,536 ಪೋರ್ಟ್. ಐಪಿ ಒಂದನ್ನೇ ತಗೊಂಡು ಮೊಬೈಲ್ ಕಂಪನಿಗೆ ಹೋದರೆ, ‘ಆ ನಿಮಿಷದಲ್ಲಿ ಈ ವಿಳಾಸದ ಹಿಂದೆ ಇಷ್ಟೆಲ್ಲ ಜನ ಇದ್ದರು’ ಅಂತ ಉದ್ದನೆಯ ಪಟ್ಟಿ ಕೈಗಿಡುತ್ತಾರೆ. ಅದರಲ್ಲಿ ಒಬ್ಬ ಕ್ರಿಕೆಟ್ ಸ್ಕೋರ್ ನೋಡ್ತಿದ್ದ, ಒಬ್ಬಳು ಹಾಡು ಕೇಳ್ತಿದ್ದಳು, ಒಬ್ಬ ಫಾರ್ಮ್ 7 ತುಂಬ್ತಿದ್ದ. ಆ ಮೂರನೆಯವನನ್ನು ಬೇರೆ ಮಾಡಬೇಕಾದರೆ ಸರ್ವರ್ ಕಡೆಯ ವಿಳಾಸ, ಪೋರ್ಟ್ ಮತ್ತು ಸೆಕೆಂಡ್ ಲೆಕ್ಕದ ಸಮಯ ಬೇಕು. ಸರ್ವರ್‌ನವರು ಬಂದವರ ಸೋರ್ಸ್ ಪೋರ್ಟನ್ನೂ ಬರೆದಿಟ್ಟಿದ್ದರೆ ಇನ್ನೂ ಸುಲಭ. ಐಪಿ ವಿಳಾಸ ಹಂಚಿಕೆಯಾಗುವ ಕಾಲ ಬರ್ತಿದೆ, ಸೋರ್ಸ್ ಪೋರ್ಟನ್ನೂ ಸಮಯವನ್ನೂ ಬರೆದಿಡಿ ಅಂತ ಇಂಟರ್‌ನೆಟ್ ಇಂಜಿನಿಯರಿಂಗ್ ಟಾಸ್ಕ್ ಫೋರ್ಸಿನ ಆರ್‌ಎಫ್‌ಸಿ 6302 ಸರ್ವರ್ ಇಟ್ಟವರಿಗೆ ಶಿಫಾರಸು ಮಾಡಿದ್ದು 2011ರ ಜೂನ್‌ನಲ್ಲಿ. ಆಳಂದದ ಫಾರ್ಮ್‌ಗಳಿಗಿಂತ ಹನ್ನೊಂದು ವರ್ಷ ಮುಂಚೆ.

ಇಷ್ಟು ಸಿಕ್ಕಿದರೆ ಮೊಬೈಲ್ ಕಂಪನಿಯ ದಾಖಲೆಯಿಂದ ಸಿಮ್ ಸಿಗುತ್ತದೆ, ಸಿಮ್ ಕೂತಿದ್ದ ಫೋನಿನ ಹದಿನೈದು ಅಂಕಿಯ ಐಎಂಇಐ ಸಿಗುತ್ತದೆ. ಫೋನು ಜಪ್ತಿ ಮಾಡಿ *#06# ಒತ್ತಿ ಹೊಂದಿಸಿ ನೋಡಬಹುದು. ಯಂತ್ರದ ವಿಳಾಸಕ್ಕೆ ಬೆಲೆ ಬರೋದು ಆವಾಗ, ಕೊನೆಯ ಮೆಟ್ಟಿಲಲ್ಲಿ. ನಮ್ಮವರು ಅದನ್ನೇ ಮೊದಲನೇ ಮೆಟ್ಟಿಲು ಅಂದುಕೊಂಡಿದ್ದಾರೆ.

ಒಬ್ಬ ಗೆಳೆಯ ಜಾಣತನದಿಂದ ಕೇಳಿದ: ‘ಸರ್ವರ್‌ನ ಐಪಿ ಬೇಕಿದ್ರೆ ವೆಬ್‌ಸೈಟ್ ಹೆಸರು ಹೊಡೆದು ನೋಡಿದ್ರೆ ಆಯ್ತಲ್ಲ, ಆಯೋಗವನ್ನ ಯಾಕೆ ಕೇಳಬೇಕು?’ ಇವತ್ತು ನೋಡಿದರೆ ಇವತ್ತಿನದು ಸಿಗುತ್ತೆ ಮಾರಾಯ. 2022ರ ಡಿಸೆಂಬರಿನ ಒಂದು ಬೆಳಗಿನ ಜಾವ ಆ ಅರ್ಜಿ ಯಾವ ಬಾಗಿಲಿನಿಂದ ಒಳಗೆ ಬಂತು, ಮುಂದೆ ಲೋಡ್ ಬ್ಯಾಲೆನ್ಸರ್ ಇತ್ತೋ ಇನ್ನೇನಿತ್ತೋ, ಅದು ಯಜಮಾನನಿಗೆ ಮಾತ್ರ ಗೊತ್ತು. ಅದೂ ಅರ್ಜಿಗಳು ಬಂದದ್ದು ಒಂದು ದಾರಿಯಿಂದಲ್ಲ. ಎನ್‌ವಿಎಸ್‌ಪಿ, ವೋಟರ್ ಹೆಲ್ಪ್‌ಲೈನ್ ಆಪ್, ಗರುಡ, ಹೀಗೆ ಬೇರೆ ಬೇರೆ.

ಆಯೋಗದ ಉತ್ತರವನ್ನೂ ಹೇಳದೇ ಹೋದರೆ ಅನ್ಯಾಯ. ಆನ್‌ಲೈನಿನಲ್ಲಿ ಯಾರೂ ಯಾರ ಹೆಸರನ್ನೂ ಅಳಿಸಲು ಆಗೋದಿಲ್ಲ, ಅರ್ಜಿ ಹಾಕಬಹುದಷ್ಟೆ. ವಿಚಾರಣೆ ಇಲ್ಲದೆ ಹೆಸರು ತೆಗೆಯೋದಿಲ್ಲ. ಆಳಂದದಲ್ಲಿ ನಡೆದದ್ದು ವಿಫಲ ಯತ್ನ, ಎಫ್‌ಐಆರ್ ಮಾಡಿಸಿದ್ದೇ ನಾವು. ಇಷ್ಟು ಅವರ ಮಾತು. ಇದರ ಜೊತೆಗೆ 2023ರ ಸೆಪ್ಟೆಂಬರ್ 6ರಂದು ಅರ್ಜಿದಾರರ ಹೆಸರು, ಗುರುತಿನ ಚೀಟಿ ಸಂಖ್ಯೆ, ಲಾಗಿನ್ ಆದ ಮೊಬೈಲ್ ನಂಬರ್, ಐಪಿ ವಿಳಾಸ, ದಿನ, ಸಮಯ ಎಲ್ಲವನ್ನೂ ಕಲಬುರಗಿ ಎಸ್‌ಪಿಗೆ ಕೊಟ್ಟಿದ್ದೇವೆ ಅಂತ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಹೇಳಿದರು.

ಎಲ್ಲ ಸರಿ. ಆ ಪಟ್ಟಿಯಲ್ಲಿ ಪೋರ್ಟ್ ಎಲ್ಲಿದೆ? ಬೂತಿನ ನಂಬರ್ ಕೊಟ್ಟಿದ್ದೀರಿ, ಯಾವ ನಂಬರಿಗೆ ಕರೆ ಹೋಯಿತು ಅಂತ ಕೊಟ್ಟಿಲ್ಲ. 18 ತಿಂಗಳಲ್ಲಿ 18 ಪತ್ರ ಬರೆದರು ಅಂತ ರಾಹುಲ್ ಗಾಂಧಿ ಲೆಕ್ಕ ಕೊಟ್ಟರು. ಹದಿನೆಂಟು ಬೇಡ, ಎರಡೇ ಅಂತ ಇಟ್ಟುಕೊಳ್ಳಿ. ಒಂದು ಎಫ್‌ಐಆರ್‌ನ ದೂರುದಾರನೇ ತನಿಖೆಗೆ ಬೇಕಾದ ಸಾಲನ್ನು ಕೊಡೋದಕ್ಕೆ ಎರಡನೇ ಪತ್ರ ಯಾಕೆ ಬೇಕಾಯಿತು? ಇದ್ದರೆ ಕೊಡಬೇಕು. ಬರೆದಿಟ್ಟೇ ಇಲ್ಲ ಅಂದರೆ, ಇಟ್ಟಿಲ್ಲ ಅಂತ ಸಾರ್ವಜನಿಕವಾಗಿ ಹೇಳಬೇಕು. ದೇಶದ ಕಂಪ್ಯೂಟರ್ ಸುರಕ್ಷೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಲ್ಲಿ ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ 180 ದಿನದ ಲಾಗ್ ಇಟ್ಟಿರಬೇಕು ಅಂತ ಹೇಳಿದೆ. ಫೆಬ್ರವರಿಯಲ್ಲಿ ಎಫ್‌ಐಆರ್ ಆದಾಗ ಡಿಸೆಂಬರಿನ ಲಾಗ್‌ಗೆ ಎರಡು ತಿಂಗಳು ವಯಸ್ಸು.

ಇದರಲ್ಲಿ ಗಡಿಯಾರದ ಆಟ ಒಂದಿದೆ, ಅದನ್ನ ಯಾರೂ ಮಾತಾಡ್ತಿಲ್ಲ. ಮೊಬೈಲ್ ಕಂಪನಿಗಳು ಇಂಟರ್‌ನೆಟ್ ಬಳಕೆಯ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕು ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ನಿಯಮ ತಿದ್ದಿತು. ಅದಾದ ಮೇಲೆ, ಇಟ್ಟುಕೊಳ್ಳಿ ಅಂತ ಬೇರೆ ಆದೇಶ ಇರದಿದ್ದರೆ ಅಳಿಸಬಹುದು. ಡಿಸೆಂಬರ್ 2022ರ ಅರ್ಜಿಗೆ ಎರಡು ವರ್ಷ ತುಂಬಿದ್ದು ಡಿಸೆಂಬರ್ 2024ಕ್ಕೆ. ನಮ್ಮ ಕಚೇರಿಗಳಲ್ಲಿ ಪತ್ರವೊಂದು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಸರಿಯೋದು ಎಷ್ಟು ನಿಧಾನ ಅಂತ ತಹಶೀಲ್ ಆಫೀಸಿಗೆ ಹೋದವರಿಗೆ ಗೊತ್ತು. ‘ಇಲ್ಲ’ ಅಂತ ಯಾರೂ ಹೇಳಬೇಕಾಗಿಲ್ಲ, ‘ನೋಡೋಣ’ ಅಂತ ಎರಡು ವರ್ಷ ಹೇಳಿದರೆ ಸಾಕು. ಉಳಿದದ್ದನ್ನ ಕ್ಯಾಲೆಂಡರ್ ಮಾಡುತ್ತೆ.

ಇದರ ಎದುರಿಗೆ ನಮ್ಮವ್ವನ ಪಾಡು ಇಡ್ತೀನಿ. ಜೇವರ್ಗಿಯಲ್ಲಿ ಸೊಸೈಟಿ ಅಕ್ಕಿಗೆ ತಿಂಗಳಿಗೊಮ್ಮೆ ಹೆಬ್ಬೆಟ್ಟು ಒತ್ತಬೇಕು. ತೊಗರಿ ಬಿಡಿಸಿ ಬಿಡಿಸಿ ಬೆರಳಿನ ಗೆರೆ ಸವೆದಿದೆ, ಮಷಿನ್ ಮೂರು ಸಲ ‘ಇಲ್ಲ’ ಅನ್ನುತ್ತೆ. ಕೈ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ‘ನಾ ನಾನೇ ಅದೀನಿ ಅಂತ ಇದಕ್ಕ ಎಷ್ಟ್ ಸಲ ಹೇಳ್ಬೇಕೋ ತಮ್ಮಾ’ ಅಂತ ಡೀಲರ್‌ಗೆ ಕೇಳ್ತಾಳೆ. ಐದು ಕೇಜಿ ಅಕ್ಕಿಗೆ ಇಷ್ಟು ಗುರುತು ಕೇಳುವ ಇದೇ ದೇಶದಲ್ಲಿ, ಆಕೆಯ ಮತ ತೆಗೆಯಿರಿ ಅಂತ ಅರ್ಜಿ ಹಾಕೋದಕ್ಕೆ ಒಂದು ಮೊಬೈಲ್ ನಂಬರು, ಪಟ್ಟಿಯಲ್ಲಿರುವ ಯಾರದ್ದೋ ಒಂದು ಗುರುತಿನ ಚೀಟಿ ಸಂಖ್ಯೆ ಸಾಕಾಗಿತ್ತು. ಆ ನಂಬರು ಆ ಚೀಟಿಯವರದ್ದೇನಾ ಅಂತ ಕೇಳೋರಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ, ಗದ್ದಲವಾದ ಮೇಲೆ, ಆಧಾರ್‌ಗೆ ಜೋಡಿಸಿದ ಫೋನಿನಿಂದ ಇ-ಸೈನ್ ಮಾಡಬೇಕು ಅಂತ ಬಂತು. ಒಳ್ಳೇದೇ. ಆದರೆ ಮುಂದಿನ ಬಾಗಿಲಿಗೆ ಬೀಗ ಹಾಕಿದ್ದನ್ನು ತೋರಿಸಿ, ಹಿಂದೆ ನುಗ್ಗಿದವನ ಹೆಜ್ಜೆ ಗುರುತು ಮರೆಸೋ ಹಾಗಿಲ್ಲ.

ಓದುವ ನಿಮಗೂ ಇದು ಸಂಬಂಧಪಟ್ಟದ್ದು. ಫಾರ್ಮ್ 7ರಲ್ಲಿ ಹೆಸರು ತೆಗೆಯಲು ಕೊಡುವ ಕಾರಣಗಳಲ್ಲಿ ಒಂದು, ‘ಊರು ಬಿಟ್ಟು ಹೋಗಿದ್ದಾರೆ’ ಅನ್ನೋದು. ನಮ್ಮ ಮೂರು ತಾಲೂಕಿನಲ್ಲಿ ಊರು ಬಿಟ್ಟು ಹೋಗದ ಮನೆ ತೋರಿಸಿ. ಪುಣೆ, ಮುಂಬೈ, ಹೈದರಾಬಾದ್ ಅಂತ ಕಟ್ಟಡ ಕೆಲಸಕ್ಕೆ ಹೋದವರು, ಮಾರತ್ತಹಳ್ಳಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ನಾವು. ಸುಗ್ಗಿಗೆ, ಹಬ್ಬಕ್ಕೆ, ಮತಕ್ಕೆ ಅಂತ ಬಂದು ಹೋಗೋರು. ಪಟ್ಟಿಯಿಂದ ತೆಗೆದರೆ ಗೊತ್ತಾಗೋದು ಮತದಾನದ ದಿನ, ಹನ್ನೆರಡು ತಾಸು ಬಸ್ಸಿನಲ್ಲಿ ಬಂದು ಸಾಲಿನಲ್ಲಿ ನಿಂತ ಮೇಲೆ.

ಇನ್ನೊಂದು ಗುಂಪಿದೆ, ಅವರು ನನಗೆ ಮ್ಯಾಕ್ ಭಕ್ತರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸ್ತಾರೆ. ‘ಹಂಗಿದ್ರೆ ಎಲ್ಲ ಫೋನಿನ ಮ್ಯಾಕ್, ಐಎಂಇಐ ಎಲ್ಲ ಸರ್ಕಾರದ ಹತ್ತಿರ ನೋಂದಣಿ ಮಾಡಿಬಿಡಲಿ’ ಅನ್ನೋರು. ನನ್ನ ಪಿಜಿ ಓನರ್‌ನ ಪಟ್ಟಿಯನ್ನು ದೇಶಕ್ಕೆಲ್ಲ ಹಿಗ್ಗಿಸಿದ ಹಾಗೆ. ಅದರಿಂದ ಸಿಕ್ಕಿಬೀಳೋದು ಆ ಗಾಣಗಾಪುರಕ್ಕೆ ಹೋದ ಹುಡುಗನಂಥವರು. ಕಳ್ಳ ಬೇರೆಯವರ ವಿಳಾಸ ಅಂಟಿಸಿಕೊಂಡು ಆರಾಮಾಗಿ ಹೋಗ್ತಾನೆ. ನಾನು ಕೇಳ್ತಿರೋದು ಜನರ ಮೇಲೆ ಕಣ್ಣಿಡೋ ಪಟ್ಟಿಯನ್ನಲ್ಲ. ಮತದಾರರ ಪಟ್ಟಿಯಂಥ ಸಾರ್ವಜನಿಕ ದಾಖಲೆಯನ್ನು ಯಾರೋ ಮುಟ್ಟಿದರೆ, ಮುಟ್ಟಿದ ಆ ಕ್ಷಣದ ಪೂರ್ತಿ ಗುರುತು ಅಲ್ಲೇ ಉಳಿಯಬೇಕು, ಪೊಲೀಸರು ಕೇಳಿದ ವಾರದೊಳಗೆ ಹೊರಗೆ ಬರಬೇಕು. ಅದು ಪ್ರಜೆಯ ಮೇಲಿನ ಕಾವಲಲ್ಲ, ಕಚೇರಿಯ ಮೇಲಿನ ಕಾವಲು.

ಸೆಪ್ಟೆಂಬರ್ 20ರಂದು ರಾಜ್ಯ ಸರ್ಕಾರ ಎಡಿಜಿಪಿ ಬಿ.ಕೆ. ಸಿಂಗ್ ನೇತೃತ್ವದಲ್ಲಿ ಎಸ್‌ಐಟಿ ಮಾಡಿತು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ದುಡ್ಡು ಸಂದಾಯವಾಗಿದೆ ಅನ್ನೋದು ತನಿಖೆಯಲ್ಲಿ ಕಂಡಿದೆ ಅಂತ ಅಕ್ಟೋಬರಿನಲ್ಲಿ ಪತ್ರಿಕೆಗಳು ಬರೆದವು. ಡಿಸೆಂಬರಿನಲ್ಲಿ ಆರೋಪಪಟ್ಟಿಯೂ ಸಲ್ಲಿಕೆಯಾಯಿತು. ಯಾರು ತಪ್ಪಿತಸ್ಥರು ಅಂತ ಕೋರ್ಟು ಹೇಳಲಿ, ಅದು ನನ್ನ ಕೆಲಸ ಅಲ್ಲ. ‘ನೋಡು, ಲಾಗ್ ಇಲ್ಲದೇನೂ ತನಿಖೆ ಮುಂದಕ್ಕೆ ಹೋಯ್ತಲ್ಲ’ ಅಂತ ಅದೇ ಗೆಳೆಯ ಮೆಸೇಜ್ ಹಾಕಿದ. ಹೋಯಿತು, ಎರಡೂವರೆ ವರ್ಷದ ಮೇಲೆ. ಅಷ್ಟರಲ್ಲಿ ಒಂದು ವಿಧಾನಸಭೆ, ಒಂದು ಲೋಕಸಭೆ ಚುನಾವಣೆ ಮುಗಿದವು. ಅಲ್ಲದೆ ಆಳಂದದಲ್ಲಿ ಮೋಸ ಹೊರಬಿದ್ದದ್ದು ಯಾವ ಯಂತ್ರದ ವಿಳಾಸದಿಂದಲೂ ಅಲ್ಲ. ಒಬ್ಬ ಹೆಣ್ಣುಮಗಳಿಗೆ ತನ್ನ ಬಂಧು ಊರಲ್ಲೇ ಇದ್ದಾರೆ ಅಂತ ಗೊತ್ತಿತ್ತು, ಅದರಿಂದ. ಆ ಅರ್ಜಿ ಬೇರೆ ಯಾರದ್ದೋ ಬಂಧುವಿನ ಹೆಸರಿನಲ್ಲಿ, ಬೇರೆ ಬೂತಿನ ಅಧಿಕಾರಿಯ ಕೈಗೆ ಹೋಗಿದ್ದರೆ?

ಎಂಬತ್ತು ರೂಪಾಯಿ ನಿಜವೇ ಆಗಿದ್ದರೆ, 6,018ಕ್ಕೆ ಗುಣಿಸಿ ನೋಡಿ. 4,81,440. ನಮ್ಮ ಆಫೀಸಿನಲ್ಲಿ ಒಬ್ಬ ಫ್ರೆಶರ್‌ನ ಒಂದು ವರ್ಷದ ಸಂಬಳಕ್ಕೆ ಹೆಚ್ಚುಕಡಿಮೆ ಸಮ.

ಇದನ್ನು ಓದ್ತಿರೋ ನಿಮ್ಮಲ್ಲಿ ಕೆಲವರಾದರೂ ಸರ್ಕಾರಿ ಪೋರ್ಟಲ್‌ಗಳ ಪ್ರಾಜೆಕ್ಟಿನಲ್ಲಿ ಇರ್ತೀರಿ. ಭೂಮಿ ದಾಖಲೆ, ಪಿಂಚಣಿ, ರೇಷನ್, ಏನೋ ಒಂದು. ಎನ್‌ಜಿಂಕ್ಸ್ ಸರ್ವರ್‌ನ ಮಾಮೂಲಿ ಆಕ್ಸೆಸ್ ಲಾಗ್‌ನಲ್ಲಿ ಬಂದವರ ಐಪಿ ಇರುತ್ತದೆ, ಸಮಯ ಇರುತ್ತದೆ, ಬ್ರೌಸರ್ ಹೆಸರಿರುತ್ತದೆ. ಸೋರ್ಸ್ ಪೋರ್ಟ್ ಇರುವುದಿಲ್ಲ. ಲಾಗ್ ಫಾರ್ಮ್ಯಾಟ್ ಸಾಲಿನಲ್ಲಿ ‘ರಿಮೋಟ್ ಪೋರ್ಟ್’ ಅನ್ನೋ ಒಂದು ವೇರಿಯಬಲ್ ಸೇರಿಸಿದರೆ ಬರುತ್ತದೆ. ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದರೆ ಅಲ್ಲೂ ಸೇರಿಸಬೇಕು. ಸೋಮವಾರ ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ನಿಮ್ಮ ಸರ್ವರ್‌ನ ಲಾಗ್ ತೆಗೆದು ನೋಡಿ. ಇಲ್ಲದಿದ್ದರೆ ಟಿಕೆಟ್ ಹಾಕಿ. ‘ಇದು ಯಾಕೆ ಬೇಕು’ ಅಂತ ಮ್ಯಾನೇಜರ್ ಕೇಳಿದರೆ, ಆಳಂದ ಎಲ್ಲಿದೆ ಅಂತ ಈಗ ಅವರಿಗೂ ಗೊತ್ತಿರುತ್ತದೆ.